ಹದಿಹರೆಯದವರಲ್ಲಿ ಡಿಸೋಸಿಯೇಶನ್: ಗುರುತಿಸುವುದು, ಸ್ಕ್ರೀನಿಂಗ್ ಮಾಡುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಶಾಲಾ ಕೌನ್ಸೆಲರ್‌ಗಳು, ಹಾಸ್ಟೆಲ್ ವಾರ್ಡನ್‌ಗಳು, ಹೈಸ್ಕೂಲು ಮತ್ತು ಪಿಯು ಅಧ್ಯಾಪಕರು ಈ ವಿಷಯದಲ್ಲಿ ಎಡವುವುದು ಬಹುತೇಕ ಒಂದೇ ಜಾಗದಲ್ಲಿ. ಹುಡುಗಿ ಪಾಠದ ನಡುವೆ ‘ಎಲ್ಲೋ ಹೋಗಿಬಿಡುತ್ತಾಳೆ’, ಹುಡುಗ ನಿನ್ನೆ ತಾನೇ ಮಾಡಿದ ಜಗಳ ನೆನಪಿಲ್ಲ ಅನ್ನುತ್ತಾನೆ. ಯಾರೋ ಇಂಟರ್‌ನೆಟ್‌ನಿಂದ ಒಂದು ಪ್ರಶ್ನಾವಳಿ ಇಳಿಸಿಕೊಂಡು, ಸ್ಟಾಫ್ ರೂಮಿನ ಮೂಲೆಯಲ್ಲಿ ಮಗುವನ್ನು ಕೂರಿಸಿ ತುಂಬಿಸುತ್ತಾರೆ. ಅಂಕ ಕೂಡಿ, ಸಂಜೆಯೇ ಮನೆಗೆ ಫೋನ್ ಮಾಡಿ ಒಂದು ಕಾಯಿಲೆಯ ಹೆಸರು ಹೇಳಿಬಿಡುತ್ತಾರೆ. ಮನೆಯವರು ಹೆದರುತ್ತಾರೆ ಇಲ್ಲವೇ ಸಿಟ್ಟಾಗುತ್ತಾರೆ, ಮಗು ಮತ್ತೆ ಬಾಯಿ ಬಿಡುವುದಿಲ್ಲ.

ತಪ್ಪು ಇರುವುದು ಪ್ರಶ್ನಾವಳಿಯಲ್ಲಲ್ಲ, ಕ್ರಮದಲ್ಲಿ. ಮೊದಲು ನೋಡಿ ಬರೆದಿಡಬೇಕು. ಆಮೇಲೆ ದೇಹದ ಕಾಯಿಲೆ ಇದೆಯೇ ಎಂದು ವೈದ್ಯರಿಂದ ಖಚಿತ ಮಾಡಿಕೊಳ್ಳಬೇಕು. ನಂತರ ಮಾತು, ನಂತರ ಸುರಕ್ಷತೆಯ ವಿಚಾರಣೆ. ಪ್ರಶ್ನಾವಳಿ ಬರುವುದು ಇಷ್ಟೆಲ್ಲ ಆದ ಮೇಲೆ. ಸ್ಕ್ರೀನಿಂಗ್ ಮುಗಿಯುವುದು ‘ಈ ಮಗುವನ್ನು ತಜ್ಞರು ನೋಡಬೇಕು’ ಅಥವಾ ‘ಸದ್ಯಕ್ಕೆ ಬೇಡ’ ಎಂಬ ತೀರ್ಮಾನದಲ್ಲಿ. ಕಾಯಿಲೆಗೆ ಹೆಸರಿಡುವುದು ಮನೋವೈದ್ಯರ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟರ ಕೆಲಸ.

## ಏನನ್ನು ಹುಡುಕುತ್ತಿದ್ದೇವೆ?

ನೆನಪು, ಭಾವನೆ, ಮೈಯ ಅರಿವು, ‘ಇದು ನಾನು’ ಎಂಬ ಭಾವ ಇವೆಲ್ಲ ಸಾಮಾನ್ಯವಾಗಿ ಒಟ್ಟಿಗೇ ಸಾಗುತ್ತವೆ. ಆ ಹೊಂದಿಕೆ ತಪ್ಪುವುದೇ ಡಿಸೋಸಿಯೇಶನ್. ಬಸ್ಸಿನಲ್ಲಿ ಯೋಚನೆಯಲ್ಲಿ ಮುಳುಗಿ ಇಳಿಯುವ ಸ್ಟಾಪು ದಾಟಿಸಿಕೊಳ್ಳುವುದು ಇದರ ತೀರಾ ಸೌಮ್ಯ ರೂಪ, ಅದು ಎಲ್ಲರಿಗೂ ಆಗುತ್ತದೆ. ತಪ್ಪಿಸಿಕೊಳ್ಳಲಾಗದ ಭಯ, ನೋವು, ಒತ್ತಡ ಇದ್ದಾಗ ಮನಸ್ಸು ಅಲ್ಲಿಂದ ಹಿಂದೆ ಸರಿಯುವುದನ್ನು ಕಲಿಯುತ್ತದೆ. ಕಲಿತದ್ದು ಅಪಾಯ ಇಲ್ಲದ ಜಾಗದಲ್ಲೂ, ಮಗುವಿನ ಹಿಡಿತ ಮೀರಿ ನಡೆಯತೊಡಗಿದಾಗ ಅದು ನಮ್ಮ ಗಮನಕ್ಕೆ ಬರಬೇಕಾದ ಸಂಗತಿ.

ಹುಡುಕಬೇಕಾದ್ದು ಐದು ಬಗೆ. ಸಾಮಾನ್ಯ ಮರೆವಿಗೆ ಮೀರಿದ ನೆನಪಿನ ಖಾಲಿ ಜಾಗಗಳು. ತನ್ನನ್ನು ತಾನೇ ಹೊರಗಿನಿಂದ ನೋಡುತ್ತಿರುವಂತೆ, ಕೈಕಾಲು ತನ್ನದಲ್ಲವೆಂಬಂತೆ ಅನ್ನಿಸುವುದು. ಸುತ್ತಲಿನ ಜನ, ಜಾಗ ನಿಜವಲ್ಲ ಅನ್ನಿಸುವುದು. ಒಳಗಿನಿಂದ ಬೇರೆ ಯಾರೋ ಮಾತಾಡಿಸುತ್ತಾರೆ, ನಡೆಸುತ್ತಾರೆ ಅನ್ನಿಸುವುದು. ಐದನೆಯದು ಮೈಯ ಮೂಲಕ ಕಾಣಿಸುವ ಬಗೆ: ಫಿಟ್ಸಿನಂಥ ನಡುಕ, ಪ್ರಜ್ಞೆ ತಪ್ಪಿದಂತೆ ಬೀಳುವುದು, ದನಿ ನಿಂತುಹೋಗುವುದು, ಕಾಲಿನ ಶಕ್ತಿ ಹೋಗುವುದು. ನಮ್ಮ ಆಸ್ಪತ್ರೆಗಳಿಗೆ ಹೆಚ್ಚಾಗಿ ಬರುವುದು ಈ ಐದನೇ ಬಗೆಯೇ. ಇದನ್ನು ನೆನಪಿಟ್ಟುಕೊಳ್ಳಿ, ಆರನೇ ಹಂತದಲ್ಲಿ ಬೇಕಾಗುತ್ತದೆ.

## ಹಂತ 1: ತಯಾರಿ

ಬೇಕಾದ ಸಾಮಾನು ಕಡಿಮೆ. ಬೀಗ ಹಾಕಿ ಇಡಬಹುದಾದ ಒಂದು ನೋಟ್‌ಬುಕ್. ಯಾರೂ ನಡುವೆ ನುಗ್ಗದ, ಆದರೆ ಹೊರಗಿನಿಂದ ಕಾಣುವಂಥ ಕೋಣೆ. ಅವಸರವಿಲ್ಲದ ಮುಕ್ಕಾಲು ಗಂಟೆ. ಪ್ರಶ್ನಾವಳಿಯ ಅಚ್ಚುಕಟ್ಟಾದ ಪ್ರತಿ. ಫೋನಿನಲ್ಲಿ ಎರಡು ನಂಬರ್: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಮಕ್ಕಳ ಸಹಾಯವಾಣಿ 1098.

ಇವೆಲ್ಲಕ್ಕಿಂತ ಮುಖ್ಯ, ಮುಂದೆ ಎಲ್ಲಿಗೆ ಕಳಿಸುತ್ತೀರಿ ಎಂಬುದು ಮೊದಲೇ ಗೊತ್ತಿರಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ ಯಾವ ದಿನ ತೆರೆದಿರುತ್ತದೆ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ಯಾವುದು, ಹದಿಹರೆಯದವರ ಸ್ನೇಹ ಕ್ಲಿನಿಕ್ ಹತ್ತಿರದಲ್ಲಿ ಎಲ್ಲಿದೆ ಎಂದು ವಿಚಾರಿಸಿಟ್ಟುಕೊಳ್ಳಿ. ಕಳಿಸಲು ಜಾಗವೇ ಇಲ್ಲದಿದ್ದರೆ ಸ್ಕ್ರೀನಿಂಗ್ ಶುರು ಮಾಡಬೇಡಿ. ಗಾಯ ಬಿಚ್ಚಿ ನೋಡಿ ಹಾಗೇ ಬಿಡುವುದು ಮಗುವಿಗೆ ಅನ್ಯಾಯ.

ಪೋಷಕರ ಒಪ್ಪಿಗೆ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ಆದರೆ ತೊಂದರೆ ಮನೆಯೊಳಗಿನಿಂದಲೇ ಬರುತ್ತಿರಬಹುದು ಎಂಬ ಗುಮಾನಿ ಇದ್ದರೆ ಪೋಷಕರಿಗೆ ಹೇಳುವ ಮೊದಲು ಐದನೇ ಹಂತ ಓದಿ.

ಅಧ್ಯಾಪಕರು, ವಾರ್ಡನ್‌ಗಳು ಎರಡನೇ ಹಂತ ಮಾಡಬಹುದು, ಎಪಿಸೋಡ್ (ಮಗು ‘ಎಲ್ಲೋ ಹೋಗುವ’, ಬೀಳುವ, ನಡುಗುವ ಒಂದೊಂದು ಸಲ) ಬಂದಾಗ ನಿಭಾಯಿಸಬಹುದು. ನಾಲ್ಕರಿಂದ ಆರನೇ ಹಂತ ತರಬೇತಿ ಪಡೆದ ಕೌನ್ಸೆಲರ್‌ಗಳಿಗೆ, ಸೈಕಾಲಜಿಸ್ಟ್‌ಗಳಿಗೆ ಬಿಟ್ಟದ್ದು. ಇಡೀ ತರಗತಿಗೆ ಒಮ್ಮೆಲೇ ಫಾರ್ಮ್ ಹಂಚಿ ತುಂಬಿಸುವುದಂತೂ ಬೇಡವೇ ಬೇಡ.

## ಹಂತ 2: ಎರಡು–ಮೂರು ವಾರ ನೋಡಿ, ಬರೆಯಿರಿ

ಈ ಹಂತವನ್ನೇ ಹೆಚ್ಚಿನವರು ಹಾರಿಸಿಬಿಡುತ್ತಾರೆ. ಕಾರಣ ಸರಳ. ಕಂಡದ್ದಕ್ಕೆ ನಮ್ಮ ಬಳಿ ಮೊದಲೇ ಒಂದು ಹೆಸರು ಇರುತ್ತದೆ: ನಾಟಕ, ಸೋಮಾರಿತನ, ಪ್ರೀತಿ–ಗೀತಿ, ಮೊಬೈಲ್ ಹುಚ್ಚು, ಗಾಳಿ ಸೋಕಿದ್ದು, ಫಿಟ್ಸ್. ಹೆಸರು ಸಿಕ್ಕ ಮೇಲೆ ನೋಡುವುದು ನಿಂತುಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಇಂಥ ಯಾವ ಹೆಸರೂ ಬರಕೂಡದು. ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಮಾತ್ರ ಬರೆಯಿರಿ.

ಪ್ರತಿ ಸಲವೂ ಆರು ಸಂಗತಿ: ದಿನ ಮತ್ತು ಗಂಟೆ, ಅದಕ್ಕೆ ಸ್ವಲ್ಪ ಮೊದಲು ಏನು ನಡೆದಿತ್ತು, ನೀವು ಕಂಡದ್ದು, ಎಷ್ಟು ಹೊತ್ತು, ಹೇಗೆ ಮುಗಿಯಿತು, ಆಮೇಲೆ ಮಗುವಿಗೆ ಏನು ನೆನಪಿತ್ತು.

‘ರಮ್ಯಾ ಇವತ್ತೂ ಕ್ಲಾಸಿನಲ್ಲಿ ಮಂಕಾಗಿದ್ದಳು’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಬರೆಯಬೇಕಾದ್ದು ಹೀಗೆ (ಹೆಸರೂ ಘಟನೆಯೂ ಉದಾಹರಣೆಗಷ್ಟೇ): ‘ಮಂಗಳವಾರ, ಮೂರನೇ ಪೀರಿಯಡ್. ಹಿಂದಿನ ಬೆಂಚಿನಲ್ಲಿ ಇಬ್ಬರು ಹುಡುಗರು ಜೋರಾಗಿ ಕಿತ್ತಾಡಿದರು, ಮೇಷ್ಟ್ರು ಗದರಿದರು. ರಮ್ಯಾ ಬರೆಯುವುದು ನಿಲ್ಲಿಸಿದಳು. ಕಣ್ಣು ಬೋರ್ಡಿನ ಕಡೆಗೇ ಇತ್ತು, ರೆಪ್ಪೆ ಬಡಿಯುವುದು ಕಡಿಮೆಯಾಯಿತು. ಎರಡು ಸಲ ಹೆಸರು ಕರೆದರೂ ತಿರುಗಲಿಲ್ಲ. ಸುಮಾರು ಹತ್ತು ನಿಮಿಷದ ಮೇಲೆ ಪಕ್ಕದವಳು ಭುಜ ಮುಟ್ಟಿದಾಗ ಬೆಚ್ಚಿಬಿದ್ದಳು. ಬೆಲ್ ಆಯ್ತಾ ಎಂದು ಕೇಳಿದಳು. ಗಲಾಟೆ ನಡೆದದ್ದು ಗೊತ್ತಿಲ್ಲ ಅಂದಳು.’ ಅವತ್ತಿನ ಅವಳ ವಿಜ್ಞಾನದ ನೋಟ್ಸ್ ತೆರೆದರೆ ದ್ಯುತಿಸಂಶ್ಲೇಷಣೆಯ ಸಮೀಕರಣ ಅರ್ಧಕ್ಕೆ ನಿಂತಿದೆ, ಬಾಣದ ಗುರುತಿನ ಆಚೆ ಏನೂ ಇಲ್ಲ. ನಾಲ್ಕು ಸಾಲು ಖಾಲಿ ಬಿಟ್ಟು ಬೇರೆ ವಿಷಯ ಶುರುವಾಗಿದೆ. ಇಂಥ ಪುಟಗಳು ಎಷ್ಟಿವೆ, ಯಾವ ಪೀರಿಯಡ್‌ಗಳಲ್ಲಿವೆ ಎಂದು ನೋಡಿ. ಹತ್ತು ಪ್ರಶ್ನೆ ಕೇಳಿ ತಿಳಿಯುವುದಕ್ಕಿಂತ ಹೆಚ್ಚು ಅಲ್ಲಿ ಸಿಗುತ್ತದೆ.

ಬೇರೆ ಗುರುತುಗಳೂ ಇವೆ. ನಿನ್ನೆ ಸಲೀಸಾಗಿ ಮಾಡಿದ ಲೆಕ್ಕ ಇವತ್ತು ಕಂಡೇ ಇಲ್ಲವೆಂಬಂತೆ ಕೂರುವುದು. ತನ್ನ ಬ್ಯಾಗಿನಲ್ಲಿರುವ ವಸ್ತು ಹೇಗೆ ಬಂತೆಂದು ಗೊತ್ತಿಲ್ಲದಿರುವುದು. ಎಲ್ಲರೂ ಕಂಡ ಕೆಲಸವನ್ನು ತಾನು ಮಾಡಲಿಲ್ಲವೆಂದು ಪ್ರಾಮಾಣಿಕವಾಗಿ ವಾದಿಸಿ ‘ಸುಳ್ಳುಬುರುಕ’ ಎಂಬ ಹೆಸರು ಪಡೆದಿರುವುದು. ಗಾಯವಾದರೂ ನೋವಿನ ಅರಿವಿಲ್ಲದಿರುವುದು. ದನಿ, ಮಾತಿನ ಧಾಟಿ, ವಯಸ್ಸಿಗೆ ತಕ್ಕ ನಡವಳಿಕೆ ಏಕಾಏಕಿ ಬದಲಾಗುವುದು.

ಒಂದೆರಡು ಸಲ ಕಂಡ ಮಾತ್ರಕ್ಕೆ ಗಾಬರಿ ಬೇಡ. ರೀಲ್ಸ್ ನೋಡುತ್ತಾ, ಕಾದಂಬರಿ ಓದುತ್ತಾ ಮೈಮರೆಯುವ ಮಗು ಕರೆದರೆ ಓಗೊಡುತ್ತದೆ, ಏನು ಮಾಡುತ್ತಿದ್ದೆನೆಂದು ಹೇಳುತ್ತದೆ. ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಿದ್ದವರು ಬೆಳಿಗ್ಗೆ ಮಂಕಾಗಿರುತ್ತಾರೆ. ನಿಮ್ಮ ಗಮನಕ್ಕೆ ಬರಬೇಕಾದ್ದು ಮರುಕಳಿಸುವುದು, ನೆನಪು ಹೋಗುವುದು, ಮಗುವಿಗೆ ಅದರಿಂದ ಭಯವಾಗುವುದು, ಓದು–ಗೆಳೆತನ ಕೆಡುವುದು.

ದೇವರು, ದೆವ್ವದ ವಿಚಾರದಲ್ಲಿ ಎರಡೂ ಅತಿಗಳು ಬೇಡ. ಜಾತ್ರೆಯಲ್ಲಿ, ಮನೆದೇವರ ಪೂಜೆಯಲ್ಲಿ ಆ ಸಮುದಾಯ ಒಪ್ಪಿಕೊಂಡ ರೀತಿಯಲ್ಲಿ ಮೈಮೇಲೆ ಬರುವುದು, ಆಚರಣೆ ಮುಗಿದೊಡನೆ ಸಹಜಸ್ಥಿತಿಗೆ ಮರಳುವುದು ಕಾಯಿಲೆಯಲ್ಲ. ರೋಗನಿರ್ಣಯದ ಅಂತರರಾಷ್ಟ್ರೀಯ ಕೈಪಿಡಿಗಳೂ ಹಾಗೆ ಪರಿಗಣಿಸುವುದಿಲ್ಲ. ಅದೇ ಮೈಮೇಲೆ ಬರುವುದು ಗಣಿತದ ಪರೀಕ್ಷೆಯ ದಿನ, ಹಾಸ್ಟೆಲ್ಲಿನ ರಾತ್ರಿ, ಒಬ್ಬ ನಿರ್ದಿಷ್ಟ ನೆಂಟ ಮನೆಗೆ ಬಂದಾಗ, ಮಗುವಿಗೆ ಬೇಡವಾಗಿದ್ದರೂ ಆಗುತ್ತಿದ್ದರೆ ಬರೆದಿಡಿ. ಮನೆಯವರ ನಂಬಿಕೆಯ ಜೊತೆ ವಾದಕ್ಕೆ ಇಳಿಯುವ ಅಗತ್ಯವಿಲ್ಲ. ‘ಪೂಜೆ ನಿಮ್ಮ ಪಾಡಿಗೆ ಮಾಡಿಸಿ, ಡಾಕ್ಟರಿಗೂ ತೋರಿಸೋಣ’ ಅಂದರೆ ಸಾಕು. ಮೆಣಸಿನಕಾಯಿ ಹೊಗೆ ಹಾಕುವುದು, ಹೊಡೆಯುವುದು, ಉಪವಾಸ ಕೆಡಹುವುದು ನಡೆಯುತ್ತಿದ್ದರೆ ಮಾತ್ರ ಸುಮ್ಮನಿರಬೇಡಿ. ಅದು ಮಗುವಿನ ಮೇಲಿನ ಹಿಂಸೆ.

## ಹಂತ 3: ಮೊದಲು ದೇಹವನ್ನು ನೋಡಿಸಿ

ಮಾತಿಗೆ ಕೂರುವ ಮೊದಲು ವೈದ್ಯರ ತಪಾಸಣೆ ಆಗಲೇಬೇಕು. ಡಿಸೋಸಿಯೇಶನ್‌ನಂತೆಯೇ ಕಾಣುವ ದೇಹದ ಕಾಯಿಲೆಗಳು ಹಲವು. ಮುಖ್ಯವಾದದ್ದು ಮೂರ್ಛೆರೋಗ.

ಆಬ್ಸೆನ್ಸ್ ಸೀಜರ್ ಎಂಬ ಬಗೆಯಲ್ಲಿ ಮಗು ಕೆಲವು ಸೆಕೆಂಡು ನಿಶ್ಚಲವಾಗಿ, ಏನೂ ಆಗಲಿಲ್ಲವೆಂಬಂತೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಯುತ್ತದೆ. ದಿನಕ್ಕೆ ಹಲವು ಬಾರಿ ಆಗಬಹುದು, ಊಟ ಮಾಡುವಾಗ, ಆಡುವಾಗಲೂ ಆಗಬಹುದು. ಭುಜ ಮುಟ್ಟಿದರೆ ಎಚ್ಚರವಾಗುವುದಿಲ್ಲ. ಡಿಸೋಸಿಯೇಶನ್‌ನಲ್ಲಿ ‘ಎಲ್ಲೋ ಹೋಗುವುದು’ ಸಾಮಾನ್ಯವಾಗಿ ಇನ್ನೂ ಹೆಚ್ಚು ಹೊತ್ತು ಇರುತ್ತದೆ, ಅದಕ್ಕೆ ಮುಂಚೆ ಏನೋ ಒಂದು ಕದಡಿರುತ್ತದೆ, ಮೆಲ್ಲನೆ ಕರೆಯುತ್ತಿದ್ದರೆ ಮರಳುತ್ತದೆ. ನಿಮ್ಮ ನೋಟ್‌ಬುಕ್ಕಿನ ಆರು ಸಂಗತಿ ವೈದ್ಯರಿಗೆ ಬೇಕಾಗುವುದು ಇಲ್ಲೇ.

ಬಿದ್ದು ನಡುಗುವ ಬಗೆಯಲ್ಲಿ ಗಮನಿಸಬೇಕಾದ್ದು ಕಣ್ಣು. ಡಿಸೋಸಿಯೇಟಿವ್ ಫಿಟ್ಸಿನಲ್ಲಿ ಕಣ್ಣು ಹೆಚ್ಚಾಗಿ ಬಿಗಿಯಾಗಿ ಮುಚ್ಚಿರುತ್ತದೆ, ತಲೆ ಅತ್ತಿತ್ತ ಹೊರಳುತ್ತದೆ, ನಡುಕ ಏರುತ್ತಾ ಇಳಿಯುತ್ತಾ ಬಹಳ ಹೊತ್ತು ನಡೆಯುತ್ತದೆ. ಮೂರ್ಛೆರೋಗದಲ್ಲಿ ಕಣ್ಣು ತೆರೆದಿರುವುದು, ನಾಲಿಗೆಯ ಅಂಚು ಕಚ್ಚಿಕೊಳ್ಳುವುದು, ಮುಗಿದ ಮೇಲೆ ಗೊಂದಲ, ಗಾಢ ನಿದ್ದೆ ಹೆಚ್ಚು. ಆದರೆ ಇವು ಬರೀ ಸುಳಿವುಗಳು. ಒಂದೇ ಮಗುವಿಗೆ ಎರಡೂ ಇರುವುದುಂಟು. ಇಇಜಿ (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಒಮ್ಮೆ ಸಾಮಾನ್ಯ ಬಂದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆಂದಲ್ಲ. ಖಚಿತ ಉತ್ತರ ಬೇಕಾದರೆ ಎಪಿಸೋಡ್ ನಡೆಯುತ್ತಿರುವಾಗಲೇ ದಾಖಲಾಗುವ ವಿಡಿಯೊ ಇಇಜಿ ಮಾಡಿಸುತ್ತಾರೆ. ತರಗತಿಯಲ್ಲಿ ನಿಂತು ನೀವು ತೀರ್ಪು ಕೊಡಬೇಡಿ.

ಒಬ್ಬರು ಮಗುವಿನ ಜೊತೆಗಿದ್ದು ಇನ್ನೊಬ್ಬರು ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೊ ತೆಗೆದರೆ ವೈದ್ಯರಿಗೆ ದೊಡ್ಡ ಸಹಾಯ. ಆದರೆ ಮನೆಯವರಿಗೆ ತಿಳಿಸಿ, ಮಗುವಿಗೂ ಹೇಳಿ, ವೈದ್ಯರಿಗೆ ತೋರಿಸಿದ ಮೇಲೆ ಅಳಿಸಿಬಿಡಿ. ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಆ ಮಗು ಮತ್ತೆ ಶಾಲೆಗೆ ಬರಲಾರದು.

ವೈದ್ಯರ ಜೊತೆ ಇವನ್ನೂ ಮಾತಾಡಿ: ತಲೆಗೆ ಪೆಟ್ಟು, ಮೈಗ್ರೇನ್, ಸಕ್ಕರೆ ಅಂಶ ಇಳಿಯುವುದು, ನಿದ್ದೆಗೇಡು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಗಾಂಜಾ. ಗಾಂಜಾ ಸೇದಿದಾಗ ಸುತ್ತಲಿನದು ನಿಜವಲ್ಲವೆಂಬ ಭಾವನೆ ಬರುವುದು ಸಾಮಾನ್ಯ. ಇದನ್ನು ಗದರದೆ ಕೇಳಿದರೆ ಮಾತ್ರ ಉತ್ತರ ಸಿಗುತ್ತದೆ.

ತಡಮಾಡದೆ ಆಸ್ಪತ್ರೆಗೆ: ಮೊದಲ ಬಾರಿ ಫಿಟ್ಸ್ ಬಂದಿದ್ದರೆ, ಐದು ನಿಮಿಷ ಮೀರಿದರೆ, ಒಂದಾದ ಮೇಲೊಂದು ಬರುತ್ತಿದ್ದರೆ, ಜ್ವರದ ಜೊತೆ ಗೊಂದಲ ಕಂಡರೆ, ತಲೆಗೆ ಪೆಟ್ಟಾದ ಮೇಲೆ ಶುರುವಾಗಿದ್ದರೆ, ಕೆಲವೇ ದಿನಗಳಲ್ಲಿ ಮಾತು–ನಡವಳಿಕೆ ಪೂರ್ತಿ ಬದಲಾಗಿದ್ದರೆ 108ಕ್ಕೆ ಕರೆ ಮಾಡಿ.

## ಹಂತ 4: ಮಾತು

ಮಕ್ಕಳು ‘ನನಗೆ ಡಿಸೋಸಿಯೇಶನ್ ಆಗುತ್ತಿದೆ’ ಎಂದು ಹೇಳುವುದಿಲ್ಲ. ಹೇಳುವವರು ಹೆಚ್ಚಾಗಿ ವಿಡಿಯೊ ನೋಡಿ ಕಲಿತವರು. ಅವರನ್ನೂ ತಳ್ಳಿಹಾಕಬೇಡಿ, ‘ನಿನಗೆ ಏನಾಗುತ್ತದೆ, ನಿನ್ನ ಮಾತಲ್ಲೇ ಹೇಳು’ ಅನ್ನಿ. ಉಳಿದವರು ಹೇಳುವುದು ‘ಒಂಥರಾ ಆಗತ್ತೆ’, ‘ತಲೆ ಬ್ಲಾಂಕ್ ಆಗತ್ತೆ’, ‘ಸಿನಿಮಾ ನೋಡ್ತಿರೋ ಹಾಗಿರತ್ತೆ’, ‘ನಾನು ನಾನೇ ಅಲ್ಲ ಅನ್ಸತ್ತೆ’. ಈ ‘ಒಂಥರಾ’ದ ಹತ್ತಿರ ನಿಲ್ಲಿ. ಒಂಥರಾ ಅಂದರೆ ಎಲ್ಲಿ? ಕಣ್ಣಿಗೆ ಕಾಣುವುದು ಬದಲಾಗುತ್ತದಾ? ದನಿಗಳು ದೂರದಿಂದ ಬಂದ ಹಾಗಾ? ಕೈಕಾಲು ಹಗುರವಾ, ಭಾರವಾ, ಇಲ್ಲವೇ ಇಲ್ಲವಾ? ಅನುಭವಕ್ಕೆ ಮಾತು ಸಿಕ್ಕೊಡನೆ ಎಷ್ಟೋ ಮಕ್ಕಳ ಮುಖ ಸಡಿಲಾಗುತ್ತದೆ. ತನಗೊಬ್ಬಳಿಗೇ ಹೀಗಾಗುತ್ತದೆ, ಹುಚ್ಚು ಹಿಡಿಯುತ್ತಿದೆ ಎಂದು ಹೆದರಿ ಕೂತಿರುತ್ತಾರೆ.

ಶುರುವಿನಲ್ಲೇ ಒಂದು ಮಾತು ಸ್ಪಷ್ಟವಾಗಿ ಹೇಳಿ: ‘ನೀನು ಹೇಳಿದ್ದು ನಮ್ಮಿಬ್ಬರ ನಡುವೆ ಇರುತ್ತದೆ. ಆದರೆ ನಿನಗೆ ಯಾರಿಂದಾದರೂ ತೊಂದರೆಯಾಗುತ್ತಿದೆ, ಇಲ್ಲಾ ನೀನೇ ನಿನಗೆ ತೊಂದರೆ ಮಾಡಿಕೊಳ್ಳುತ್ತೀ ಅಂತ ಗೊತ್ತಾದರೆ ನಾನು ಸುಮ್ಮನಿರಲಾರೆ, ಸಹಾಯ ಕರೆಯುತ್ತೇನೆ.’ ಯಾರಿಗೂ ಹೇಳಲ್ಲ ಎಂದು ಆಣೆ ಮಾಡಬೇಡಿ.

ಆಮೇಲೆ ಹಗುರ ಪ್ರಶ್ನೆಯಿಂದ ಭಾರದ ಪ್ರಶ್ನೆಗೆ ಹೋಗಿ. ‘ಪುಸ್ತಕ ಓದುತ್ತಾ, ಗೇಮ್ ಆಡುತ್ತಾ ಸುತ್ತಲಿನದು ಮರೆತುಹೋಗುತ್ತದಾ?’ ಎಂಬುದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ, ಮಾತು ತೆರೆದುಕೊಳ್ಳುತ್ತದೆ. ನಂತರ: ‘ಗೆಳತಿಯರು ನೀನು ಹೀಗಂದೆ ಅನ್ನುತ್ತಾರೆ, ನಿನಗೆ ಮಾತ್ರ ನೆನಪೇ ಇರುವುದಿಲ್ಲ, ಹಾಗಾದದ್ದು ಉಂಟಾ, ಇಲ್ಲವಾ?’ ‘ಗೊತ್ತಿರುವ ಜಾಗವೇ ಹೊಸದು ಅನ್ನಿಸಿದ್ದಿದೆಯಾ?’ ‘ಬೇಡ ಅಂದುಕೊಂಡರೂ ಕೈಯೋ ಬಾಯೋ ತನ್ನಷ್ಟಕ್ಕೆ ಮಾಡಿಬಿಡುತ್ತದೆ ಅನ್ನಿಸಿದ್ದಿದೆಯಾ?’ ಹೌದು ಎಂದ ಪ್ರತಿ ಉತ್ತರಕ್ಕೂ ‘ಇತ್ತೀಚಿನ ಒಂದು ಸಲದ್ದು ಹೇಳು’ ಎಂದು ಕೇಳಿ. ಉದಾಹರಣೆ ಇಲ್ಲದ ‘ಹೌದು’ ನಿಮ್ಮನ್ನು ಮೆಚ್ಚಿಸಲು ಹೇಳಿದ್ದಿರಬಹುದು.

ಕೇಳಬಾರದ್ದೂ ಇದೆ. ‘ನಿನ್ನೊಳಗೆ ಇನ್ನೊಬ್ಬರು ಇದ್ದಾರಾ, ಅವರ ಹೆಸರೇನು?’ ಎಂದು ಕೇಳಿದರೆ ಇಲ್ಲದ್ದನ್ನು ನೀವೇ ಕೊಟ್ಟಂತಾಗುತ್ತದೆ. ‘ಚಿಕ್ಕವಳಿದ್ದಾಗ ಯಾರಾದರೂ ಏನಾದರೂ ಮಾಡಿದ್ದರಾ, ನೆನಪು ಮಾಡಿಕೋ’ ಎಂದು ಕೆದಕುವುದು ಅದಕ್ಕಿಂತ ಅಪಾಯ. ಡಿಸೋಸಿಯೇಶನ್ ಇದ್ದಲ್ಲೆಲ್ಲ ದೌರ್ಜನ್ಯ ನಡೆದಿರಬೇಕೆಂದಿಲ್ಲ. ತೀವ್ರ ಆತಂಕ, ಪ್ಯಾನಿಕ್, ಮನೆಯಲ್ಲಾದ ಸಾವು, ಶಾಲೆಯಲ್ಲಿ ಕಿರುಕುಳ, ಇಷ್ಟವಿಲ್ಲದ ಮದುವೆ ಮಾತುಕತೆ, ಪರೀಕ್ಷೆಯ ಒತ್ತಡ ಇವೂ ಸಾಕು. ಮಗು ತಾನಾಗಿ ಹೇಳಿದರೆ ಕೇಳಿ, ನಂಬಿ, ಅದರ ಮಾತಿನಲ್ಲೇ ಬರೆದಿಡಿ. ವಿವರ ಅಗೆಯಬೇಡಿ.

ಮಾತಿನ ನಡುವೆಯೇ ಮಗು ದೂರ ಸರಿಯತೊಡಗಿದರೆ, ಅಂದರೆ ಉತ್ತರ ನಿಧಾನವಾಗಿ, ದೃಷ್ಟಿ ಒಂದೇ ಕಡೆ ನಿಂತು, ದನಿ ಚಪ್ಪಟೆಯಾದರೆ ಪ್ರಶ್ನೆ ನಿಲ್ಲಿಸಿ. ಆ ದಿನಕ್ಕೆ ಅಷ್ಟು ಸಾಕು.

## ಎಪಿಸೋಡ್ ಬಂದರೆ ಏನು ಮಾಡಬೇಕು?

ಇದು ಯಾವ ಹಂತದಲ್ಲೂ ಬೇಕಾಗಬಹುದು. ಸುತ್ತ ನೆರೆದವರನ್ನು ಕಳಿಸಿ. ಮಗುವಿನ ಮಟ್ಟಕ್ಕೆ ಕೂತು, ಹೆಸರು ಹಿಡಿದು, ಮೆಲುದನಿಯಲ್ಲಿ ಹೇಳಿ: ‘ನಾನು ನಿನ್ನ ಟೀಚರ್. ನೀನು ಶಾಲೆಯ ಲೈಬ್ರರಿಯಲ್ಲಿದ್ದೀಯ. ಇವತ್ತು ಗುರುವಾರ. ಇಲ್ಲಿ ನಿನಗೆ ಏನೂ ಆಗುವುದಿಲ್ಲ.’ ಪಾದಗಳನ್ನು ನೆಲಕ್ಕೆ ಒತ್ತಲು ಹೇಳಿ. ತಣ್ಣನೆಯ ನೀರಿನ ಲೋಟ ಕೈಗೆ ಕೊಡಿ. ಮಾತಿಗೆ ಸ್ಪಂದಿಸತೊಡಗಿದ ಮೇಲೆ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು ಹೇಳಿಸಿ. ಕೇಳದೆ ಮುಟ್ಟಬೇಡಿ.

ಬಿದ್ದು ನಡುಗುತ್ತಿದ್ದರೆ ಮೂರ್ಛೆರೋಗವೆಂದೇ ಭಾವಿಸಿ ನೋಡಿಕೊಳ್ಳಿ: ಪೆಟ್ಟಾಗುವ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಡಿ, ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬೀಗದ ಕೈ, ಕಬ್ಬಿಣ, ಈರುಳ್ಳಿ, ಚಪ್ಪಲಿ ಯಾವುದೂ ಬೇಡ. ಬಾಯಿಗೆ ನೀರು, ಚಮಚ ಹಾಕಬೇಡಿ. ‘ನಾಟಕ ಸಾಕು, ಏಳು’ ಎಂದು ಕೆನ್ನೆಗೆ ಹೊಡೆಯುವುದು, ಚಿವುಟಿ ಪರೀಕ್ಷಿಸುವುದು ಮಗುವಿನ ನಂಬಿಕೆಯನ್ನು ಶಾಶ್ವತವಾಗಿ ಕಳೆಯುತ್ತದೆ. ಇದು ಬೇಕೆಂದು ಮಾಡುವುದಲ್ಲ.

## ಹಂತ 5: ಸುರಕ್ಷತೆಯನ್ನು ನೇರವಾಗಿ ಕೇಳಿ

ಪ್ರಶ್ನಾವಳಿ ತೆಗೆಯುವ ಮೊದಲು ಮೂರು ವಿಷಯ ತಿಳಿದಿರಬೇಕು. ಒಂದು, ಸಾಯುವ ಯೋಚನೆ ಅಥವಾ ಕೊಯ್ದುಕೊಳ್ಳುವುದು ಇದೆಯೇ? ‘ಬದುಕೋದೇ ಬೇಡ ಅನ್ನಿಸಿದ್ದಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?’ ಎಂದು ನೇರ ಕೇಳಿ, ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಮೈಯ ಅರಿವು ಮರಳಿ ಬರಲೆಂದೇ ಕೆಲವು ಮಕ್ಕಳು ಕೊಯ್ದುಕೊಳ್ಳುತ್ತಾರೆ. ಎರಡು, ಗೊತ್ತಿಲ್ಲದೆ ಎಲ್ಲಿಗಾದರೂ ಹೋಗಿಬಿಟ್ಟದ್ದು, ರಸ್ತೆಯಲ್ಲಿ, ಬಾವಿಕಟ್ಟೆಯಲ್ಲಿ, ಒಲೆಯ ಮುಂದೆ ಎಚ್ಚರ ತಪ್ಪಿದ್ದು ಇದೆಯೇ? ಮೂರು, ಈಗಲೂ ಯಾರಿಂದಾದರೂ ಹಿಂಸೆ ನಡೆಯುತ್ತಿದೆಯೇ?

ಮೊದಲನೆಯದಕ್ಕೆ ಹೌದು ಎಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿ, ಅದೇ ದಿನ ತಜ್ಞರ ಹತ್ತಿರ ಕರೆದೊಯ್ಯಿರಿ. 14416 ದಿನದ 24 ಗಂಟೆ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಅಥವಾ ನಡೆಯಬಹುದೆಂಬ ಆತಂಕವಿದ್ದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ 21ನೇ ಸೆಕ್ಷನ್ ಅಡಿ ಶಿಕ್ಷೆಯಿದೆ. ‘ಶಾಲೆಯ ಹೆಸರು ಕೆಡುತ್ತದೆ’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಗುಮಾನಿ ಮನೆಯವರ ಮೇಲೇ ಇದ್ದರೆ ಮೊದಲು 1098ಕ್ಕೆ ಕರೆ ಮಾಡಿ ಮಗುವಿನ ರಕ್ಷಣೆಗೆ ದಾರಿ ಮಾಡಿಕೊಂಡು, ಆಮೇಲೆ ಮನೆಗೆ ಹೇಳಿ.

## ಹಂತ 6: ಪ್ರಶ್ನಾವಳಿ

ಹದಿಹರೆಯದವರಿಗೆ ಹೆಚ್ಚು ಬಳಕೆಯಲ್ಲಿರುವುದು ಎ-ಡೆಸ್, ಅಂದರೆ ಅಡೋಲೆಸೆಂಟ್ ಡಿಸೋಸಿಯೇಟಿವ್ ಎಕ್ಸ್‌ಪೀರಿಯೆನ್ಸಸ್ ಸ್ಕೇಲ್. ಸುಮಾರು 11ರಿಂದ 17 ವರ್ಷದವರಿಗೆ. ಒಟ್ಟು 30 ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ 10ರವರೆಗೆ ಅಂಕ. ಸೊನ್ನೆ ಎಂದರೆ ಎಂದೂ ಇಲ್ಲ, 10 ಎಂದರೆ ಯಾವಾಗಲೂ. ಮಗುವೇ ತುಂಬಬೇಕು.

ಇದಕ್ಕಿಂತ ಚಿಕ್ಕವರಿಗೆ, ಮಾತು ಬಾರದವರಿಗೆ, ಅಮೆರಿಕದ ಮನೋವೈದ್ಯ ಫ್ರ್ಯಾಂಕ್ ಪಟ್ನಮ್ ರೂಪಿಸಿದ ಚೈಲ್ಡ್ ಡಿಸೋಸಿಯೇಟಿವ್ ಚೆಕ್‌ಲಿಸ್ಟ್ ಇದೆ. ಅದನ್ನು ಮಗುವನ್ನು ಹತ್ತಿರದಿಂದ ಬಲ್ಲ ದೊಡ್ಡವರು ಕಳೆದ 12 ತಿಂಗಳನ್ನು ನೆನೆದು ತುಂಬುತ್ತಾರೆ. 20 ಅಂಶ, ಪ್ರತಿಯೊಂದಕ್ಕೆ 0, 1 ಅಥವಾ 2. ಒಟ್ಟು 12 ಅಥವಾ ಹೆಚ್ಚು ಬಂದರೆ ತಜ್ಞರು ನೋಡಬೇಕು.

ಎ-ಡೆಸ್ ಕೊಡುವಾಗ ಮೂರು ಎಚ್ಚರ. ‘ಮದ್ಯ, ಗಾಂಜಾ, ಬೇರೆ ಯಾವುದೇ ಅಮಲು ಇಲ್ಲದಿದ್ದಾಗ ಆದದ್ದನ್ನು ಮಾತ್ರ ಲೆಕ್ಕಕ್ಕೆ ತಗೋ’ ಎಂದು ಮೊದಲೇ ಹೇಳಿ, ಪ್ರಶ್ನಾವಳಿಯ ಸೂಚನೆಯೂ ಅದೇ. ಇಂಗ್ಲಿಷ್ ಪ್ರಶ್ನೆಯನ್ನು ನಿಂತ ನಿಲುವಿನಲ್ಲಿ ನಿಮ್ಮಿಷ್ಟದಂತೆ ಕನ್ನಡ ಮಾಡಿ ಕೇಳಬೇಡಿ. ಅರ್ಥ ಜಾರಿದರೆ ಅಂಕವೂ ಜಾರುತ್ತದೆ. ಇಂಗ್ಲಿಷ್ ಅರ್ಥವಾಗದ ಮಗುವಿಗೆ, ನೀವು ಕಳಿಸುವ ವಿಭಾಗದವರು ಬಳಸುವ ಕನ್ನಡ ಪ್ರತಿ ಇದ್ದರೆ ಅದನ್ನೇ ತರಿಸಿಕೊಳ್ಳಿ. ಇಲ್ಲದಿದ್ದರೆ ಈ ಹಂತ ಬಿಟ್ಟು ನೋಟ್‌ಬುಕ್ ಮತ್ತು ಮಾತುಕತೆಯ ವಿವರದೊಂದಿಗೇ ಕಳಿಸಿ, ಕಳಿಸಲು ಅದು ಧಾರಾಳ ಸಾಕು. ಮೂರನೆಯದು, ತುಂಬುವಾಗ ಅಮ್ಮನಾಗಲಿ ಮೇಷ್ಟ್ರಾಗಲಿ ಹೆಗಲ ಮೇಲಿಂದ ಇಣುಕಬಾರದು.

ಲೆಕ್ಕ ಸುಲಭ. ಎಲ್ಲ ಅಂಕ ಕೂಡಿ 30ರಿಂದ ಭಾಗಿಸಿ. ಒಟ್ಟು 141 ಬಂದರೆ ಸರಾಸರಿ 4.7. ಸರಾಸರಿ 4 ಅಥವಾ ಹೆಚ್ಚಿದ್ದರೆ ವಿವರವಾದ ತಪಾಸಣೆ ಬೇಕು ಎಂದರ್ಥ. ಕೆಲವರು ಭಾಗಿಸುವುದನ್ನೇ ಮರೆತು 141 ನೋಡಿ ಹೌಹಾರುತ್ತಾರೆ.

ನಿಜವಾದ ಕೆಲಸ ಶುರುವಾಗುವುದು ಲೆಕ್ಕದ ಆಮೇಲೆ. ಸರಾಸರಿ 4 ದಾಟಿದ್ದು ಬರೀ ಕಲ್ಪನೆಯಲ್ಲಿ ಮುಳುಗುವ ಪ್ರಶ್ನೆಗಳಿಂದಲೋ, ನೆನಪು ಹೋಗುವ, ತಾನು ತಾನಲ್ಲ ಅನ್ನಿಸುವ ಪ್ರಶ್ನೆಗಳಿಂದಲೋ ನೋಡಿ. ಎರಡನೆಯ ಗುಂಪಿನದೇ ಹೆಚ್ಚು ತೂಕ. ಸರಾಸರಿ 2.5 ಇದ್ದೂ ನೆನಪಿನ ಪ್ರಶ್ನೆಗಳಲ್ಲಿ 8, 9 ಹಾಕಿದ ಮಗುವನ್ನು ‘ನಾರ್ಮಲ್’ ಎಂದು ಕಳಿಸಬೇಡಿ. ಎತ್ತರದ ಅಂಕ ಕೊಟ್ಟ ಪ್ರತಿ ಪ್ರಶ್ನೆಯನ್ನೂ ಮತ್ತೆ ತೆರೆದು ಒಂದು ಉದಾಹರಣೆ ಕೇಳಿ. ಪ್ರಶ್ನೆಯನ್ನೇ ತಪ್ಪು ಅರ್ಥ ಮಾಡಿಕೊಂಡದ್ದು ಆಗ ಗೊತ್ತಾಗುತ್ತದೆ. 30ಕ್ಕೂ 10 ಹಾಕಿದ್ದರೆ ಓದದೆ ತುಂಬಿರಬಹುದು, ಅಥವಾ ‘ಯಾರಾದರೂ ನನ್ನ ಕಡೆ ನೋಡಿ’ ಎಂದು ಕೂಗುತ್ತಿರಬಹುದು. ಎಲ್ಲಕ್ಕೂ ಸೊನ್ನೆ ಹಾಕಿದ್ದರೆ ಹೆದರಿಕೆ ಇರಬಹುದು, ತನಗೆ ಮರೆವಿದೆ ಎಂಬುದೇ ಗೊತ್ತಿಲ್ಲದಿರಬಹುದು. ನಿಮ್ಮ ನೋಟ್‌ಬುಕ್ಕಿಗೂ ಅಂಕಕ್ಕೂ ತಾಳೆಯಾಗದಿದ್ದರೆ ನೋಟ್‌ಬುಕ್ಕನ್ನು ನಂಬಿ.

ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಮನೋರೋಗ), ತೀವ್ರ ಆಘಾತದ ನಂತರದ ಒತ್ತಡ ಇರುವವರಲ್ಲೂ ಎ-ಡೆಸ್ ಅಂಕ ಏರಬಹುದು. ಹಾಗಾಗಿ ಅಂಕ ಕಾಯಿಲೆಯ ಹೆಸರಲ್ಲ. ಇನ್ನೊಂದು ಮಿತಿ ನಮ್ಮಲ್ಲಿ ಇನ್ನೂ ಮುಖ್ಯ: ಈ ಪ್ರಶ್ನಾವಳಿ ಹೆಚ್ಚಾಗಿ ಕೇಳುವುದು ಮನಸ್ಸಿನ ಅನುಭವದ ಬಗ್ಗೆ. ಪ್ರಾರ್ಥನೆಯ ಹೊತ್ತಿಗೆ ಬೀಳುವ, ದನಿ ಹೋಗುವ, ಕಾಲು ಸೋಲುವ ಮಗುವಿಗೆ ಇದರಲ್ಲಿ ಕಡಿಮೆ ಅಂಕ ಬರಬಹುದು. ಅಂಥ ಮಗುವನ್ನು ಅಂಕ ನೋಡದೆ ಕಳಿಸಿ.

## ಹಂತ 7: ತಜ್ಞರಿಗೆ ಕಳಿಸುವುದು

ಒಂದು ಪುಟದ ಪತ್ರ ಬರೆಯಿರಿ. ಎಂದಿನಿಂದ, ಎಷ್ಟು ಸಲ, ಯಾವ ಸಂದರ್ಭದಲ್ಲಿ, ಎಷ್ಟು ಹೊತ್ತು ಎಂಬುದು ಮೊದಲ ಪ್ಯಾರಾ. ಮಗುವಿನ ಮಾತು ಅದೇ ಪದಗಳಲ್ಲಿ ಎರಡನೆಯದು. ವೈದ್ಯರ ತಪಾಸಣೆ, ಸುರಕ್ಷತೆಯ ಮೂರು ಪ್ರಶ್ನೆಯ ಉತ್ತರ, ಎ-ಡೆಸ್ ಸರಾಸರಿ ಮತ್ತು ಎತ್ತರದ ಅಂಕ ಬಂದ ವಿಷಯಗಳು ಆಮೇಲೆ. ರೋಗದ ಹೆಸರು ಬರೆಯಬೇಡಿ. ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು, ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇವುಗಳಲ್ಲಿ ಹತ್ತಿರದ್ದಕ್ಕೆ ಕಳಿಸಿ. ದೂರದ ದೊಡ್ಡ ಆಸ್ಪತ್ರೆಗೆ ಒಮ್ಮೆ ಹೋಗಿ ಬಿಡುವುದಕ್ಕಿಂತ ಹತ್ತಿರದ್ದಕ್ಕೆ ಹತ್ತು ಸಲ ಹೋಗುವುದು ಮೇಲು, ಏಕೆಂದರೆ ಇದರ ಚಿಕಿತ್ಸೆ ಮುಖ್ಯವಾಗಿ ಮಾತಿನದು, ಸಮಯ ಹಿಡಿಯುವಂಥದು.

ಮನೆಯವರಿಗೆ ಹೇಳುವಾಗ: ‘ಇದು ನಾಟಕವೂ ಅಲ್ಲ, ಹುಚ್ಚೂ ಅಲ್ಲ. ಒತ್ತಡ ಹೆಚ್ಚಾದಾಗ ಮನಸ್ಸು ತನ್ನನ್ನು ಕಾಪಾಡಿಕೊಳ್ಳಲು ಹೀಗೆ ಮಾಡುತ್ತದೆ. ವಾಸಿಯಾಗುತ್ತದೆ, ಆದರೆ ಬೈಯುವುದರಿಂದ ಅಲ್ಲ.’ ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಮಾತು ಬಂದರೆ ಖಂಡಿತವಾಗಿ ಬೇಡ ಅನ್ನಿ. 18 ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧ, ಅವಳ ಮೇಲಿನ ಹೊರೆಯೂ ಇಮ್ಮಡಿಯಾಗುತ್ತದೆ.

## ಹಂತ 8: ಕಳಿಸಿದ ಮೇಲೆ

ಒಂದು ವಾರದೊಳಗೆ ವೈದ್ಯರನ್ನು ಕಂಡರೇ ಎಂದು ವಿಚಾರಿಸಿ. ಕಾಣದಿದ್ದರೆ ಕಾರಣ ಕೇಳಿ. ಎಷ್ಟೋ ಬಾರಿ ಬಸ್ ಚಾರ್ಜು, ದಿನದ ಕೂಲಿ, ಅಕ್ಕಪಕ್ಕದವರ ಮಾತು ಅಡ್ಡ ಬಂದಿರುತ್ತದೆ. ಅಂಥ ಕಡೆ ಟೆಲಿ-ಮಾನಸ್ ಕರೆಯಿಂದಲಾದರೂ ಶುರು ಮಾಡಿಸಿ.

ಶಾಲೆಯಲ್ಲಿ ಬಾಗಿಲ ಹತ್ತಿರದ ಬೆಂಚು, ಬೇಕೆನಿಸಿದಾಗ ಹೊರಗೆ ಬರಲು ಮೊದಲೇ ಮಾತಾಡಿಕೊಂಡ ಒಂದು ಸನ್ನೆ, ಹೋಗಿ ಕೂರಬಹುದಾದ ಒಬ್ಬ ನಂಬಿಕೆಯ ಟೀಚರ್, ತಪ್ಪಿಹೋದ ಪಾಠದ ನೋಟ್ಸ್ ಕೊಡುವ ಒಬ್ಬ ಗೆಳತಿ ಇಷ್ಟು ಮಾಡಿಕೊಡಿ. ಕಾರಣ ಇಡೀ ಸ್ಟಾಫ್ ರೂಮಿಗೆ ಗೊತ್ತಾಗಬೇಕಿಲ್ಲ. ಒಂದು ಹಾಸ್ಟೆಲ್ಲಿನಲ್ಲಿ ಒಬ್ಬಳು ಬಿದ್ದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬೀಳತೊಡಗಿದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ವಿಚಾರಿಸಬೇಡಿ. ಬಿದ್ದವರನ್ನು ಬೇರೆ ಬೇರೆ ಕೋಣೆಯಲ್ಲಿ ವಿಶ್ರಾಂತಿಗೆ ಬಿಟ್ಟು, ವೈದ್ಯರಿಂದ ಆಹಾರ–ನೀರಿನ ತೊಂದರೆ ಏನಾದರೂ ಇದೆಯೇ ಎಂದು ನೋಡಿಸಿ, ಎಂದಿನ ವೇಳಾಪಟ್ಟಿ ನಡೆಸಿ, ಮೊದಲು ಬಿದ್ದವಳ ಜೊತೆ ಈ ಮಾರ್ಗದರ್ಶಿಯ ಎರಡನೇ ಹಂತದಿಂದ ಶುರು ಮಾಡಿ.

ನೋಟ್‌ಬುಕ್ ಮುಂದುವರಿಸಿ. ಚಿಕಿತ್ಸೆ ಶುರುವಾದ ಮೇಲೆ ಎಪಿಸೋಡ್‌ಗಳು ಕೆಲವು ದಿನ ಹೆಚ್ಚಿದಂತೆ ಕಾಣಬಹುದು. ಗಾಬರಿಯಾಗಿ ನಿಲ್ಲಿಸದೆ ತಜ್ಞರಿಗೆ ತಿಳಿಸಿ. ಎ-ಡೆಸ್ ಮತ್ತೆ ತುಂಬಿಸುವುದನ್ನು ಅವರು ಕೇಳಿದಾಗ ಮಾತ್ರ ಮಾಡಿ. ಪ್ರತಿ ತಿಂಗಳ ಕೊನೆಗೆ ಆರು ಸಂಗತಿಗಳ ಪಟ್ಟಿಯ ಒಂದು ನಕಲು ತೆಗೆದು, ಮುಂದಿನ ಭೇಟಿಗೆ ಹೋಗುವಾಗ ಮಗುವಿನ ಕೈಯಲ್ಲೇ ಮುಚ್ಚಿದ ಲಕೋಟೆಯಲ್ಲಿ ಕಳಿಸಿ. ಅದರಲ್ಲಿ ಏನಿದೆ ಎಂದು ಮಗುವಿಗೆ ಮೊದಲೇ ಓದಿ ಹೇಳಿರಿ.